15 ಕೆಜಿ ಟೊಮೆಟೊ ಬಾಕ್ಸ್: ಯಾವುದು ತಗೋಬೇಕು, ಯಾವುದು ಬೇಡ

ಮೊಬೈಲ್, ಮಿಕ್ಸಿ, ಸೀರೆ, ಎಲ್ಲದಕ್ಕೂ ರಿವ್ಯೂ ಬರೆಯುವವರಿದ್ದಾರೆ. ಟೊಮೆಟೊ ತುಂಬುವ ಪ್ಲಾಸ್ಟಿಕ್ ಬಾಕ್ಸ್‌ಗೆ ಯಾರೂ ಬರೆದದ್ದು ನಾನು ನೋಡಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಮ್ಮದು ಮುಳಬಾಗಿಲು ತಾಲ್ಲೂಕು. ಬೋರ್‌ವೆಲ್ ನೀರು, ಡ್ರಿಪ್, ಎರಡೂವರೆ ಎಕರೆ ಟೊಮೆಟೊ. ತೋಟ ನಮ್ಮನೆಯವರದು, ಲೆಕ್ಕ ನನ್ನದು. ತುಂಬಿದ ಬಾಕ್ಸ್ ಎಣಿಸಿ ಕಳಿಸುವುದು, ಖಾಲಿ ಬಾಕ್ಸ್ ಎಣಿಸಿ ಇಳಿಸಿಕೊಳ್ಳುವುದು, ಕಡಿಮೆ ಬಂದರೆ ಮಂಡಿಗೆ (ನಮ್ಮ ಹಣ್ಣು ಹರಾಜು ಹಾಕಿಸುವ ಮಾರುಕಟ್ಟೆ ಅಂಗಡಿಗೆ) ಫೋನ್ ಹಚ್ಚಿ ಜಗಳ ಆಡುವುದು, ಇದೆಲ್ಲ ನನ್ನ ಪಾಲು. ಜಗಳದ ಕೆಲಸ ನನಗೆ ಯಾಕೆ ಬಂತು ಅಂತ ಕೇಳಬೇಡಿ. ಅದು ನನಗೆ ಚೆನ್ನಾಗಿ ಬರುತ್ತೆ, ಅಷ್ಟೇ.

ಹೊರಗಿನವರಿಗೆ ಒಂದು ಮಾತು. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ರೇಟು ಕೂಗುವುದು ಬಾಕ್ಸ್ ಲೆಕ್ಕದಲ್ಲಿ. ಬಾಕ್ಸ್ ಅಂದರೆ 15 ಕೆಜಿ. ‘ಇವತ್ತು ಎಷ್ಟಕ್ಕೆ ಹೋಯ್ತು?’ ಅಂತ ಕೇಳಿ, ‘ಮುನ್ನೂರು’ ಅಂದರೆ ಬಾಕ್ಸಿಗೆ ಮುನ್ನೂರು ಅಂತ ಅರ್ಥ. ಕೆಜಿಗೆ ಎಷ್ಟು ಅಂತ ನೀವೇ ಭಾಗಿಸಿಕೊಳ್ಳಬೇಕು. 2023ರ ಜುಲೈನಲ್ಲಿ ಇದೇ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗಲೇ ಕೇಂದ್ರ ಸರ್ಕಾರ ನಾಫೆಡ್, ಎನ್‌ಸಿಸಿಎಫ್ ಅನ್ನುವ ಸಹಕಾರ ಸಂಸ್ಥೆಗಳ ಮೂಲಕ ಕರ್ನಾಟಕ, ಆಂಧ್ರ, ಮಹಾರಾಷ್ಟ್ರದಲ್ಲಿ ಟೊಮೆಟೊ ಕೊಂಡು ದೆಹಲಿಯಲ್ಲಿ ಮೊದಲು ಕೆಜಿಗೆ 90 ರೂಪಾಯಿಯಂತೆ ಮಾರಿಸಿದ್ದು. ಕೋಲಾರದಿಂದ ಜೈಪುರಕ್ಕೆ ಹೊರಟ ಟೊಮೆಟೊ ಲಾರಿಯೊಂದು ನಾಪತ್ತೆಯಾಗಿ ಟಿವಿಯಲ್ಲೆಲ್ಲ ಬಂದದ್ದೂ ಅದೇ ತಿಂಗಳು. ಬೇರೆ ವರ್ಷಗಳಲ್ಲಿ ಬಾಕ್ಸಿಗೆ ಬಂದ ದುಡ್ಡು ಕೊಯ್ಲಿನ ಕೂಲಿಗೂ ಸಾಲದೆ ಹಣ್ಣನ್ನು ರಸ್ತೆ ಬದಿಗೆ ಸುರಿದವರೂ ನಮ್ಮವರೇ. ರೇಟು ಹೇಗಾದರೂ ಕುಣಿಯಲಿ, ಬಾಕ್ಸ್ ಮಾತ್ರ 15 ಕೆಜಿ. ಕೆಳಗೆ ಹೇಳುವುದೆಲ್ಲ ಅರ್ಥವಾಗಬೇಕಾದರೆ ಇದು ನೆನಪಿರಲಿ.

ನಮ್ಮತ್ತೆ ಈ ಮನೆಗೆ ಸೊಸೆಯಾಗಿ ಬಂದಾಗ ಬಾಕ್ಸ್ ಇರಲಿಲ್ಲ. ಬಿದಿರಿನ ಮಂಕರಿ, ಆಮೇಲೆ ಹಲಗೆ ಹೊಡೆದ ಮರದ ಪೆಟ್ಟಿಗೆ. ಕೆಳಗೆ ಹುಲ್ಲು, ಮೇಲೆ ಹಳೇ ಪೇಪರ್, ಬಾಯಿಗೆ ಹಗ್ಗ. ಮಂಕರಿ ಆಳ ಜಾಸ್ತಿ. ಮೇಲಿನ ಹಣ್ಣಿನ ಭಾರವೆಲ್ಲ ತಳದ ಹಣ್ಣಿನ ಮೇಲೆ. ದಾರಿಯಲ್ಲಿ ಗಾಡಿ ಕುಲುಕಿದಾಗ ಪಕ್ಕದಲ್ಲಿದ್ದವು ಬಿದಿರಿನ ದಬ್ಬೆಗೆ ಉಜ್ಜಿ ಸಿಪ್ಪೆ ಕಿತ್ತುಕೊಳ್ಳುತ್ತಿದ್ದವು. ಮರದ ಪೆಟ್ಟಿಗೆಯಾದರೆ ಮೊಳೆ. ಅತ್ತೆ ಒಂದೇ ಮಾತಲ್ಲಿ ಹೇಳುತ್ತಾರೆ: ‘ಮೇಲೆ ನೋಡಿದ್ರೆ ಹಣ್ಣು, ಕೆಳಗೆ ನೋಡಿದ್ರೆ ಗೊಜ್ಜು ಕಣಮ್ಮ.’ ಕೊಳ್ಳುವವನಿಗೂ ಇದು ಗೊತ್ತಿತ್ತು. ತಳದ ಗೊಜ್ಜಿನ ಲೆಕ್ಕ ಹಿಡಿದೇ ರೇಟು ಕೂಗುತ್ತಿದ್ದ. ಅಂದರೆ ಹಾಳಾದ ಹಣ್ಣಿನ ದುಡ್ಡು ಹೋಗುತ್ತಿದ್ದದ್ದು ಬೆಳೆದವನ ಜೇಬಿನಿಂದ.

ಈಗಲೂ ಹಾಳಾಗುವುದು ನಿಂತಿಲ್ಲ. ಲೂಧಿಯಾನದಲ್ಲಿ ಸಿಫೆಟ್ ಅಂತ ಕೇಂದ್ರದ ಸಂಶೋಧನಾ ಸಂಸ್ಥೆ ಇದೆ. ಅವರು 2015ರಲ್ಲಿ ಕೊಟ್ಟ ವರದಿ ಪ್ರಕಾರ ದೇಶದಲ್ಲಿ ಕೊಯ್ಲು ಮತ್ತು ಆಮೇಲಿನ ಹಂತಗಳಲ್ಲಿ ಹಾಳಾಗುವ ಟೊಮೆಟೊ ಶೇಕಡಾ 12.44. ನಮ್ಮ ಲೆಕ್ಕದಲ್ಲಿ ಹೇಳಬೇಕಾದರೆ ಒಂದು ಬಾಕ್ಸಿನಲ್ಲಿ ಹೆಚ್ಚುಕಮ್ಮಿ ಎರಡು ಕೆಜಿ. ಆ ಎರಡು ಕೆಜಿಗೂ ನೀರು ಬಿಟ್ಟಿದ್ದೇವೆ, ಔಷಧಿ ಹೊಡೆದಿದ್ದೇವೆ, ಕಡ್ಡಿ ನೆಟ್ಟು ದಾರ ಕಟ್ಟಿದ್ದೇವೆ, ಲಾರಿ ಬಾಡಿಗೆ ಕೊಟ್ಟಿದ್ದೇವೆ. ಪೇಟೆಯಲ್ಲಿ ತಿನ್ನುವವರು ಉಳಿದ ಹದಿಮೂರು ಕೆಜಿಗೆ ಅದನ್ನೂ ಸೇರಿಸಿಯೇ ದುಡ್ಡು ಕೊಡುತ್ತಾರೆ. ಎಲ್ಲರಿಗೂ ನಷ್ಟ, ಯಾರಿಗೂ ಲಾಭವಿಲ್ಲ.

ಈಗ ಬಾಕ್ಸ್‌ಗೆ ಬರೋಣ.

ನಮ್ಮ ಕಡೆ ಸಾಮಾನ್ಯವಾಗಿ ಖಾಲಿ ಬಾಕ್ಸ್ ಕೊಡುವುದು ಮಂಡಿಯವರೇ. ಮಂಡಿ ಹೆಸರು ಬಣ್ಣದಲ್ಲಿ ಬರೆದಿರುತ್ತೆ. ಆದರೆ ಸುಗ್ಗಿ ಜೋರಾದಾಗ ಖಾಲಿ ಸಿಗುವುದಿಲ್ಲ. ಗಿಡದಲ್ಲಿ ಹಣ್ಣು ತಿರುಗಿರುತ್ತೆ, ಕೂಲಿಯವರು ಬಂದು ನಿಂತಿರುತ್ತಾರೆ, ಬಾಕ್ಸ್ ಮಾತ್ರ ಬಂದಿರುವುದಿಲ್ಲ. ಟೊಮೆಟೊಗೆ ‘ನಾಳೆ ಬಾ’ ಅನ್ನೋಕಾಗುತ್ತಾ? ಅದಕ್ಕೇ ಸ್ವಂತ ಬಾಕ್ಸ್ ಕೊಳ್ಳಲು ಶುರು ಮಾಡಿದೆವು. ಇವತ್ತು ನಮ್ಮ ಶೆಡ್ಡಿನಲ್ಲಿ ಮೂರು ಥರದವು ಇವೆ. ಕಂಪನಿಗಳ ಹೆಸರು ಹೇಳುವುದಿಲ್ಲ. ಒಂದೇ ಅಚ್ಚಿನ ಮಾಲನ್ನು ನಾಲ್ಕು ಹೆಸರಲ್ಲಿ ಮಾರುತ್ತಾರೆ, ಹೆಸರು ನೋಡಿ ಪ್ರಯೋಜನವೂ ಇಲ್ಲ.

ಅಗ್ಗದ್ದನ್ನು ಮೊದಲು ಮುಗಿಸುತ್ತೇನೆ. ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದು. ನಾವು ಕೊಂಡಾಗ ನೂರ ಹತ್ತು ರೂಪಾಯಿ ಆಸುಪಾಸು. ಬಣ್ಣ ಮಂಕು, ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ. ಒಂದು ಬೇಸಿಗೆ ಬಿಸಿಲು ತಿಂದ ಮೇಲೆ ಮೂಲೆಗಳು ಚಕ್ಕೆ ಏಳುತ್ತವೆ. ಲಾರಿಯಲ್ಲಿ ಏಳೆಂಟು ಸಾಲು ಏರಿಸಿದಾಗ ತಳದ ಬಾಕ್ಸಿನ ಮೂಲೆ ಮುರಿದರೆ ಮೇಲಿನವೆಲ್ಲ ವಾಲುತ್ತವೆ. ಬೇಡ. ದುಡ್ಡು ಕಮ್ಮಿ ಇದ್ದರೆ ಇದರ ಅರ್ಧದಷ್ಟು ಒಳ್ಳೆಯವನ್ನು ತಗೊಳ್ಳಿ.

ಎರಡನೆಯದು ಹೊಸ ಎಚ್‌ಡಿಪಿಇ ಮಾಲಿನದು, ಅಂದರೆ ಕರಗಿಸಿದ ಹಳೇದಲ್ಲದ ಗಟ್ಟಿ ಪ್ಲಾಸ್ಟಿಕ್. ಇನ್ನೂರರ ಹತ್ತಿರ ಬಿತ್ತು. ನನ್ನ ಮತ ಇದಕ್ಕೇ. ಹಲವು ಸೀಸನ್ ಕಂಡಿದೆ, ಬಣ್ಣ ಹೋಗಿದೆ, ಗಟ್ಟಿತನ ಹೋಗಿಲ್ಲ. ಆದರೆ ‘ಒಳ್ಳೆ ಕ್ವಾಲಿಟಿ’ ಅಂದರೆ ಸಾಲದು. ಏನು ನೋಡಬೇಕು ಅಂತ ಹೇಳುತ್ತೇನೆ.

ಒಳಗೋಡೆ ಮೇಲೆ ಅಂಗೈ ಆಡಿಸಿ. ನುಣ್ಣಗಿರಬೇಕು. ಗಟ್ಟಿತನಕ್ಕೆ ಕೊಡುವ ಪಟ್ಟಿಗಳೆಲ್ಲ ಹೊರಗಡೆ ಇರಬೇಕು, ಒಳಗೆ ಇರಬಾರದು. ಗಾಳಿಗೆ ಬಿಟ್ಟ ಕಿಂಡಿಗಳ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಅಚ್ಚು ಸರಿ ಇಲ್ಲದಿದ್ದರೆ ಅಲ್ಲಿ ಬ್ಲೇಡಿನಂಥ ಅಂಚು ಉಳಿದಿರುತ್ತೆ. ತಳದ ಕಿಂಡಿ ತೀರಾ ಅಗಲವಾಗಿದ್ದರೆ ಹಣ್ಣಿನ ಮೇಲೆ ಗೆರೆ ಗೆರೆ ಅಚ್ಚು ಬೀಳುತ್ತೆ. ಕೊಯ್ದ ದಿನ ಕಾಣುವುದಿಲ್ಲ. ದೂರದ ಊರು ತಲುಪುವ ಹೊತ್ತಿಗೆ ಆ ಗೆರೆಯೇ ಮೆತ್ತಗಾಗಿ ಕೊಳೆಯಲು ಶುರು. ಹಾಗಂತ ತಳ ಪೂರ್ತಿ ಮುಚ್ಚಿದ್ದೂ ಆಗಲ್ಲ. ಮಳೆಯಲ್ಲಿ ಕೊಯ್ದ ಹಣ್ಣಿನ ನೀರು ಅಲ್ಲೇ ನಿಲ್ಲುತ್ತೆ.

ಕೈ ಹಿಡಿಯುವ ಜಾಗಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ನಾನು ಕೊಡುತ್ತೇನೆ. ಸಾಲಿನಿಂದ ಶೆಡ್ಡಿಗೆ ಬಾಕ್ಸ್ ಹೊರುವವರು ಹೆಂಗಸರು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಎತ್ತಿ ಇಳಿಸಿ ಬೆರಳ ಬುಡದಲ್ಲಿ ಬೊಬ್ಬೆ ಬಂದರೆ ಮರುದಿನ ಅವರು ಇನ್ನೊಬ್ಬರ ತೋಟಕ್ಕೆ ಹೋಗುತ್ತಾರೆ. ಹಿಡಿ ಅಗಲವಾಗಿರಬೇಕು, ಒಳಗೆ ಮಡಚಿದ ಅಂಚು ಇರಬೇಕು, ನಾಲ್ಕು ಬೆರಳು ಪೂರ್ತಿ ಹೋಗಬೇಕು. ಮಂಕರಿಯ ಕಾಲದಲ್ಲಿ ಒಂದನ್ನು ತಲೆಗೇರಿಸಲು ಇಬ್ಬರು ಬೇಕಿತ್ತಂತೆ. 15 ಕೆಜಿಯನ್ನು ಒಬ್ಬಳೇ ಸೊಂಟಕ್ಕೆ ಆನಿಸಿಕೊಂಡು ನಡೆಯುತ್ತಾಳೆ. ಮಂಡಿಯಲ್ಲಿ ಲೋಡಿಂಗ್ ಮಾಡುವ ಹುಡುಗರಿಗೂ ಹಾಗೇ. ಕುತ್ತಿಗೆ ಉಳಿದಿದೆ.

ಕೊನೆಗೆ ಬಾಯಂಚು. ಮೇಲಿನ ಬಾಕ್ಸಿನ ತಳ ಕೆಳಗಿನ ಬಾಕ್ಸಿನ ಅಂಚಿಗೆ ಕೂತು ಕಚ್ಚಿಕೊಳ್ಳಬೇಕು. ಹಾಗೆ ಕೂತರೆ ಭಾರವೆಲ್ಲ ಗೋಡೆಯಿಂದ ಗೋಡೆಗೆ ಇಳಿದು ಲಾರಿ ಹಲಗೆಗೆ ಹೋಗುತ್ತೆ. ಮೇಲಿನ ಬಾಕ್ಸಿನ ಒಂದು ಗ್ರಾಂ ಭಾರವೂ ಹಣ್ಣಿಗೆ ತಾಗುವುದಿಲ್ಲ. ಮಂಕರಿಗೂ ಬಾಕ್ಸಿಗೂ ಇರುವ ನಿಜವಾದ ವ್ಯತ್ಯಾಸ ಇದೇ. ಆದರೆ ಒಂದು ಷರತ್ತು: ಅಂಚಿನಿಂದ ಮೇಲೆ ಹಣ್ಣು ಬರಕೂಡದು. ರಾಶಿ ತುಂಬಿಸಿದಿರೋ, ಮೇಲಿನ ಬಾಕ್ಸು ಕೂರುವುದು ಅಂಚಿನ ಮೇಲಲ್ಲ, ಹಣ್ಣಿನ ಮೇಲೆ. ಮತ್ತೆ ಗೊಜ್ಜು. ಹರಾಜಿನಲ್ಲಿ ತುಂಬಾ ಕಾಣಲಿ ಅಂತ ಗೋಪುರ ಕಟ್ಟುವವರನ್ನು ಈಗಲೂ ನೋಡುತ್ತೇನೆ. ಅಂಥವರಿಗೆ ಎಂಥಾ ಬಾಕ್ಸ್ ಕೊಟ್ಟರೂ ಅಷ್ಟೇ.

ಮೂರನೆಯದು ಮಡಚುವ ಬಾಕ್ಸ್. ಇದರ ಕಥೆ ಸ್ವಲ್ಪ ದೊಡ್ಡದು.

ಅಣ್ಣನ ಮಗ ಹೊಸಕೋಟೆ ಹತ್ತಿರ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. ಊರಿಗೆ ಬಂದಾಗ ನಮ್ಮ ಟೆಂಪೋ ಮಂಡಿಯಿಂದ ಖಾಲಿ ಬಾಕ್ಸ್ ತುಂಬಿಕೊಂಡು ಬಂದದ್ದು ನೋಡಿ, ‘ಅತ್ತೆ, ನೀವು ಗಾಳಿಗೆ ಬಾಡಿಗೆ ಕೊಡ್ತಿದ್ದೀರಲ್ಲ’ ಅಂದ. ನಾನು ಅವನ ಮುಖ ನೋಡಿದೆ. ಆಮೇಲೆ ಲೆಕ್ಕ ಹಾಕಿದರೆ ಸರಿಯೇ. ನೇರ ಗೋಡೆಯ ಬಾಕ್ಸ್ ತುಂಬಿದ್ದಾಗ ಎಷ್ಟು ಜಾಗ ಹಿಡಿಯುತ್ತೋ ಖಾಲಿ ಇದ್ದಾಗಲೂ ಅಷ್ಟೇ ಹಿಡಿಯುತ್ತೆ. ಹೋಗುವಾಗ ಟೆಂಪೋ ತುಂಬಾ ಟೊಮೆಟೊ, ಬರುವಾಗ ಟೆಂಪೋ ತುಂಬಾ ಗಾಳಿ. ಗೋಡೆ ಸ್ವಲ್ಪ ಓರೆ ಇರುವ ಬಾಕ್ಸ್ ಸಿಗುತ್ತವೆ, ಲೋಟದ ಹಾಗೆ ಒಂದರೊಳಗೊಂದು ಕೂರುತ್ತವೆ. ವಾಪಸ್ ಬರುವಾಗ ಜಾಗ ಉಳಿಯುತ್ತೆ. ಆದರೆ ಓರೆ ಗೋಡೆಯಿಂದಾಗಿ ಹೋಗುವಾಗ ಬಾಕ್ಸ್ ಬಾಕ್ಸ್ ನಡುವೆ ಸಂದು ಬಿದ್ದು ಲೋಡು ಕಮ್ಮಿಯಾಗುತ್ತೆ. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕಳೆದ ಹಾಗೆ. ಎರಡಕ್ಕೂ ಉತ್ತರವೇ ಮಡಚುವ ಬಾಕ್ಸ್. ತುಂಬುವಾಗ ನೇರ ಗೋಡೆ, ಖಾಲಿಯಾದ ಮೇಲೆ ಚಪ್ಪಟೆ. ನಾಲ್ಕೈದು ಮಡಚಿದರೆ ಒಂದರ ಎತ್ತರ.

ಬೆಲೆ ಐನೂರು ದಾಟಿತು. ಎರಡೂ ಬದಿಗೆ ಕೀಲು, ಒಂದು ಲಾಕ್. ಮನೆಯ ಅಂಗಳದಲ್ಲಿ ಬಿಚ್ಚಿ ಮಡಚಿ ನೋಡಿದಾಗ ಎಲ್ಲರಿಗೂ ಖುಷಿ. ಮಂಡಿಗೆ ಹೋದ ಮೇಲೆ ಖುಷಿ ಮುಗಿಯಿತು. ಅಲ್ಲಿ ಬಾಕ್ಸನ್ನು ಯಾರೂ ಇಡುವುದಿಲ್ಲ, ಎಸೆಯುತ್ತಾರೆ. ಅವರ ತಪ್ಪೇನಲ್ಲ. ಬೆಳಗಾಗುವಷ್ಟರಲ್ಲಿ ಸಾವಿರಾರು ಬಾಕ್ಸ್ ಕೈದಾಟಿಸಬೇಕು, ಕಾಲಿಡಲು ಜಾಗವಿಲ್ಲ, ಸುಗ್ಗಿಯಲ್ಲಿ ಯಾರ್ಡು ಸಾಲದೆ ಲಾರಿಗಳು ರಸ್ತೆವರೆಗೆ ನಿಂತಿರುತ್ತವೆ. ಕೀಲಿರುವ ಬಾಕ್ಸು ಆ ಜಾಗಕ್ಕಲ್ಲ. ಒಂದು ಕೀಲು ಹೋದರೆ ಐನೂರು ರೂಪಾಯಿ ಹೋದ ಹಾಗೆ. ಬಿಡಿ ಕೀಲು ಕೇಳಿದರೆ ಮಾರಿದ ಅಂಗಡಿಯವನು ಹೊಸ ಬಾಕ್ಸ್ ತೋರಿಸಿದ.

ಹಾಗಂತ ಅದು ಕೆಟ್ಟದ್ದಲ್ಲ. ನಮ್ಮನೆಯವರ ತಮ್ಮ ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟ್‌ಗಳಿಗೆ ವಾರಕ್ಕೊಮ್ಮೆ ನೇರವಾಗಿ ತರಕಾರಿ ಕೊಡುತ್ತಾನೆ. ಕಾರಿನ ಹಿಂದೆ ಹಾಕಿಕೊಂಡು ಹೋಗುವುದು, ಅಲ್ಲೇ ಖಾಲಿ ಮಾಡಿಸಿ ಮಡಚಿಕೊಂಡು ಬರುವುದು. ಅವನಿಗೆ ಅದೇ ಸರಿ. ಕೈಯಿಂದ ಕೈಗೆ ಹೋಗುವ ಮಾಲು, ಎಸೆಯುವವರಿಲ್ಲ, ಬಾಕ್ಸ್ ಕಣ್ಣು ತಪ್ಪುವುದೂ ಇಲ್ಲ. ನಮ್ಮ ಮಡಚುವ ಬಾಕ್ಸ್‌ಗಳೆಲ್ಲ ಈಗ ಅವನ ಹತ್ತಿರವೇ ಇವೆ. ದುಡ್ಡು ಇನ್ನೂ ಕೊಟ್ಟಿಲ್ಲ, ಅದು ಮನೆ ವಿಷಯ.

ಬಾಕ್ಸ್ ಎಷ್ಟು ಗಟ್ಟಿ ಅನ್ನುವುದಕ್ಕಿಂತ ಅದು ವಾಪಸ್ ಬರುತ್ತಾ ಅನ್ನುವುದು ದೊಡ್ಡ ಪ್ರಶ್ನೆ. ಇನ್ನೂರು ರೂಪಾಯಿಯ ಬಾಕ್ಸ್ ಐವತ್ತು ಸಲ ತಿರುಗಿದರೆ ಒಂದು ಸಲಕ್ಕೆ ನಾಲ್ಕು ರೂಪಾಯಿ. ಎರಡೇ ಸಲಕ್ಕೆ ಕಳೆದುಹೋದರೆ ನೂರು ರೂಪಾಯಿ. ಮುನ್ನೂರು ರೂಪಾಯಿ ಹಣ್ಣಿಗೆ ನೂರು ರೂಪಾಯಿ ಡಬ್ಬಿ! ಎಲ್ಲಿ ಹೋಗುತ್ತವೆ ಅಂತೀರಾ? ಬೆಂಗಳೂರಿನ ಯಾವುದೇ ರಸ್ತೆಯಲ್ಲಿ ನಡೆಯಿರಿ. ಎಳನೀರು ಅಂಗಡಿಯವನು ಕೂತಿರುವುದು ಅದರ ಮೇಲೆ. ಹೂ ಮಾರುವವಳ ಬುಟ್ಟಿ ಇಟ್ಟಿರುವುದು ಅದರ ಮೇಲೆ. ಟೆರೇಸಿನಲ್ಲಿ ಕೊತ್ತಂಬರಿ ಬೆಳೆದಿರುವುದು ಅದರಲ್ಲಿ. ಪಾರ್ಕಿಂಗ್ ಜಾಗ ಹಿಡಿದಿಡುವುದಕ್ಕೂ ಅದೇ. ಸುಮ್ನೆ ಹೇಳುತ್ತಿಲ್ಲ, ಒಮ್ಮೆ ನಮ್ಮ ಬಣ್ಣದ ಗುರುತು ಇರುವ ಬಾಕ್ಸನ್ನೇ ಸಂಬಂಧಿಕರ ಬಚ್ಚಲಲ್ಲಿ ನೋಡಿದ್ದೇನೆ. ಅದರ ಮೇಲೆ ಬಕೆಟ್ ಇತ್ತು. ಏನೂ ಅನ್ನಲಿಲ್ಲ, ಕಾಫಿ ಕುಡಿದು ಬಂದೆ.

ಈ ತಲೆನೋವು ನಮ್ಮೊಬ್ಬರದ್ದಲ್ಲ, ಹೊಸದೂ ಅಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಆಸ್ಟ್ರೇಲಿಯಾದಲ್ಲಿ ಸರಕು ಎತ್ತುವ ಯಂತ್ರಗಳನ್ನೂ ಮರದ ಪ್ಯಾಲೆಟ್‌ಗಳನ್ನೂ (ಸರಕು ಜೋಡಿಸಿಡುವ ಹಲಗೆ ಮಣೆ) ಬಿಟ್ಟು ಹೋಯಿತು. ಅಲ್ಲಿನ ಸರ್ಕಾರ ಅವನ್ನು ಒಟ್ಟು ಮಾಡಿ, ಎಲ್ಲರೂ ಹಂಚಿಕೊಂಡು ಬಳಸುವ ಒಂದು ವ್ಯವಸ್ಥೆ ಮಾಡಿತು. 1958ರಲ್ಲಿ ಅದನ್ನು ಬ್ರಾಂಬಲ್ಸ್ ಅನ್ನುವ ಕಂಪನಿ ಕೊಂಡಿತು. ಅದೇ ಇವತ್ತಿನ ಚೆಪ್. ನೀಲಿ ಬಣ್ಣದ ಪ್ಯಾಲೆಟ್ ಅಂದರೆ ಅವರದು. ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ, ವಾಪಸ್ ತರಿಸಿ ರಿಪೇರಿ ಮಾಡಿ ಮತ್ತೆ ಕೊಡುತ್ತಾರೆ. ಅಣ್ಣನ ಮಗ ಇದನ್ನು ದೊಡ್ಡ ವಿಷಯವಾಗಿ ಹೇಳಿದಾಗ ನಮ್ಮತ್ತೆ ಕೇಳಿದರು: ‘ನಮ್ ಮಂಡಿಯೋರು ಬಣ್ಣದಲ್ಲಿ ಹೆಸರು ಬರ್ದು ಕೊಡೋದೂ ಅದೇ ಅಲ್ವೇನೋ?’ ಅದೇ. ಯಾರೂ ಹೇಳಿಕೊಡದೆ ಕೋಲಾರದ ಮಂಡಿಗಳು ಅದೇ ದಾರಿಗೆ ಬಂದಿವೆ. ಒಂದೇ ಕೊರತೆ, ಒಂದೊಂದು ಮಂಡಿಯ ಬಾಕ್ಸು ಒಂದೊಂದು. ಎಲ್ಲರದೂ ಸೇರಿ ಒಂದೇ ರಾಶಿ ಆಗಿದ್ದರೆ ಯಾರ ಖಾಲಿ ಯಾರಿಗಾದರೂ ಆಗುತ್ತಿತ್ತು. ಸುಗ್ಗಿಯಲ್ಲಿ ಬಾಕ್ಸಿಗಾಗಿ ಕಾಯುವುದು ತಪ್ಪುತ್ತಿತ್ತು.

ವಾಪಸಾತಿ ನೋಡಬೇಕು ಅಂದರೆ ನಂದಿನಿ ಹಾಲಿನ ಕ್ರೇಟ್ ನೋಡಿ. ಬೆಳಗಿನ ಜಾವ ಗಾಡಿ ಬರುತ್ತೆ, ಹಾಲಿನ ಕ್ರೇಟ್ ಇಳಿಯುತ್ತೆ, ಖಾಲಿ ಕ್ರೇಟ್ ಏರುತ್ತೆ. ಅದೇ ಗಾಡಿ, ಅದೇ ದಾರಿ, ದಿನವೂ. ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಟೊಮೆಟೊ ಹಾಗಲ್ಲ. ಇವತ್ತು ಕೋಲ್ಕತ್ತ, ನಾಳೆ ದೆಹಲಿ, ನಾಡಿದ್ದು ಚೆನ್ನೈ. ಎರಡು ಸಾವಿರ ಕಿಲೋಮೀಟರ್ ಆಚೆಯಿಂದ ಖಾಲಿ ಬಾಕ್ಸ್ ತರಿಸುವ ಬಾಡಿಗೆಯಲ್ಲಿ ಹೊಸದೇ ಬರಬಹುದು. ಅದಕ್ಕೇ ದೂರದ ವ್ಯಾಪಾರಿಗಳು ರಟ್ಟಿನ ಪೆಟ್ಟಿಗೆ ಕಡೆ ಹೋಗುವುದು ನನಗೆ ಸರಿಯಾಗಿಯೇ ಕಾಣುತ್ತೆ. ಪ್ಲಾಸ್ಟಿಕ್ ಬಾಕ್ಸಿಗೆ ಒಂದು ಮಿತಿ ಇದೆ. ಬೆಳಗ್ಗೆ ಹೋಗಿ ರಾತ್ರಿಯೊಳಗೆ ತಿರುಗಿ ಬರುವಷ್ಟು ದೂರದಲ್ಲಿ ಅದು ರಾಜ.

ಅಳತೆಯದೂ ಒಂದು ರಗಳೆ. ನಮ್ಮಲ್ಲಿ 15 ಕೆಜಿ. ನಾಸಿಕ್ ಕಡೆ ಪಿಂಪಳಗಾಂವ್‌ನಲ್ಲಿ, ಪುಣೆ ಕಡೆ ನಾರಾಯಣಗಾಂವ್‌ನಲ್ಲಿ 20 ಕೆಜಿ ಕ್ರೇಟ್. ಎರಡೂ ಕಡೆಯ ಬಾಕ್ಸ್ ಒಂದರ ಮೇಲೊಂದು ಕೂರುವುದಿಲ್ಲ. ಟಿವಿಯಲ್ಲಿ ಅಲ್ಲಿಯ ಕ್ರೇಟ್ ರೇಟು ಕೇಳಿ ನಮ್ಮವರು ‘ಅಲ್ಲಿ ನೋಡು ಎಷ್ಟು ಜಾಸ್ತಿ’ ಅಂತ ಹೊಟ್ಟೆ ಉರಿಸಿಕೊಳ್ಳುವುದು ಬೇರೆ. ಐದು ಕೆಜಿ ವ್ಯತ್ಯಾಸ ಯಾರೂ ಹೇಳುವುದಿಲ್ಲ.

ಗುರುತಿನ ಬಗ್ಗೆ. ಗೋದಾಮಿನಲ್ಲಿ ಪ್ರತಿ ಡಬ್ಬಿಗೂ ಬಾರ್‌ಕೋಡ್ ಇರುತ್ತೆ, ಎಲ್ಲಿದೆ ಅಂತ ಕಂಪ್ಯೂಟರ್ ಹೇಳುತ್ತೆ ಅಂತ ಅಣ್ಣನ ಮಗ ನಮಗೂ ಕ್ಯೂಆರ್ ಸ್ಟಿಕ್ಕರ್ ಮಾಡಿಸಿಕೊಟ್ಟ. ಬಿಸಿಲು, ಮಣ್ಣು, ತೊಳೆಯುವ ನೀರು, ಎಲ್ಲ ಸೇರಿ ಸ್ಟಿಕ್ಕರ್ ಬಾಲ ಬಿಟ್ಟುಕೊಂಡು ನೇತಾಡತೊಡಗಿತು. ಈಗ ಎರಡು ಉದ್ದ ಬದಿಗೂ ಎನಾಮಲ್ ಬಣ್ಣ, ಜೊತೆಗೆ ಕಾಯಿಸಿದ ಕಂಬಿಯಲ್ಲಿ ಒಂದು ಗುರುತು ಸುಟ್ಟಿದ್ದೇನೆ. ಲೆಕ್ಕ ನೋಟ್‌ಬುಕ್ಕಿನಲ್ಲಿ. ಹೆಚ್ಚು ತಗೊಂಡರೆ ಕಂಪನಿಯವರೇ ಅಚ್ಚಿನಲ್ಲಿ ಹೆಸರು ಮೂಡಿಸಿ ಕೊಡುತ್ತಾರೆ. ನಾಲ್ಕೈದು ಮನೆಯವರು ಸೇರಿ ಆರ್ಡರ್ ಕೊಟ್ಟರೆ ಆಗುತ್ತೆ. ಅದೇ ಒಳ್ಳೆಯದು.

ತೊಳೆಯುವುದನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ತಿರುಗಾಡುವ ಬಾಕ್ಸ್ ಹಣ್ಣಿನ ಜೊತೆ ಬೇರೆಯದನ್ನೂ ತಿರುಗಾಡಿಸುತ್ತೆ. ಟೊಮೆಟೊ ಎಲೆ, ಹಣ್ಣು ಕೊರೆಯುವ, ನಮ್ಮ ಕಡೆ ಊಜಿ ಅನ್ನುವ ಟ್ಯೂಟಾ ಹುಳು ದಕ್ಷಿಣ ಅಮೆರಿಕದ್ದು. ಭಾರತದಲ್ಲಿ ಮೊದಲು ಕಂಡದ್ದು 2014ರಲ್ಲಿ ಮಹಾರಾಷ್ಟ್ರದಲ್ಲಿ. ಆಮೇಲೆ ಅದು ಊರೂರು ಸುತ್ತಿತು. ಹಣ್ಣು, ಸಸಿ, ಬಳಸಿದ ಬಾಕ್ಸ್, ಇವೆಲ್ಲ ಅದಕ್ಕೆ ವಾಹನ. ಬಾಕ್ಸಿನ ಮೂಲೆಯಲ್ಲಿ ಒಣಗಿ ಅಂಟಿದ ಎಲೆ ಸಾಕು, ಹುಳದ ಕೋಶ ಅಲ್ಲಿ ಕೂತು ನಿಮ್ಮ ತೋಟಕ್ಕೆ ಬರುತ್ತೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆಯಲ್ಲಿ ಬಾಕ್ಸ್ ತೊಳೆಯಲು ನೀರು ಎಲ್ಲಿಂದ ತರೋಣ ಅಂತ ಕೇಳುತ್ತೀರಿ. ನಾನು ಮಾಡುವುದು ಇಷ್ಟು: ಮೊದಲು ಒಣ ಬ್ರಷ್‌ನಲ್ಲಿ ಮೂಲೆ ಕೆರೆಯುವುದು, ಆಮೇಲೆ ಒಂದು ತೊಟ್ಟಿಯಲ್ಲಿ ಬ್ಲೀಚಿಂಗ್ ಪೌಡರ್ ನೀರು ಮಾಡಿ ಎಲ್ಲ ಬಾಕ್ಸನ್ನೂ ಅದರಲ್ಲೇ ಮುಳುಗಿಸಿ ಎತ್ತಿ, ಬೋರಲು ಹಾಕಿ ಒಣಗಿಸುವುದು. ಒಣಗಿದ ಮೇಲೆ ನೆರಳಿಗೆ. ಹೆಸರು ಏನೇ ಬರೆದಿರಲಿ, ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದರೆ ಪ್ಲಾಸ್ಟಿಕ್ ಪೆಡಸಾಗುತ್ತೆ.

ಒಟ್ಟು ಕೊಡುವ ಅಂಕ: ಹೊಸ ಎಚ್‌ಡಿಪಿಇ ಬಾಕ್ಸಿಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ವಾಪಸ್ ಬರುವಾಗಿನ ಗಾಳಿ ಬಾಡಿಗೆಗೆ. ಮಡಚುವುದಕ್ಕೆ ಮಂಡಿಯಲ್ಲಿ ಎರಡು, ಅಪಾರ್ಟ್‌ಮೆಂಟಿನಲ್ಲಿ ನಾಲ್ಕು. ಅಗ್ಗದ್ದಕ್ಕೆ ಅಂಕ ಇಲ್ಲ. ಮಂಡಿ ಬಾಕ್ಸ್ ಸಿಗುವಷ್ಟು ದಿನ ಅದನ್ನೇ ಬಳಸಿ. ಸುಗ್ಗಿಗೆ ಎರಡು ಕೊಯ್ಲಿಗಾಗುವಷ್ಟು ಮಾತ್ರ ಸ್ವಂತದ್ದು ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಕೊಂಡರೆ ಇಡಲು ಶೆಡ್ಡು ಬೇಕು.

ಕೊಳ್ಳಲು ಹೋದಾಗ ಅಂಗಡಿಯವನು ಆರಿಸಿ ಕೊಟ್ಟದ್ದನ್ನು ನೋಡಬೇಡಿ. ರಾಶಿಯ ನಡುವಿನಿಂದ ನೀವೇ ಒಂದನ್ನು ಎಳೆಯಿರಿ. ಬೋರಲು ಹಾಕಿ ಮೇಲೆ ಹತ್ತಿ ನಿಲ್ಲಿ, ಒಂದು ಮೂಲೆಗೆ ಭಾರ ಹಾಕಿ. ಬಾಗಿ ಮತ್ತೆ ಸೆಟೆದುಕೊಂಡರೆ ದುಡ್ಡು ಕೊಡಿ. ಚಟ್ ಅಂದರೆ ಇಳಿದು ಮುಂದಿನ ಅಂಗಡಿಗೆ ಹೋಗಿ. ಸೀರೆ ಉಟ್ಟುಕೊಂಡು ಬಾಕ್ಸ್ ಮೇಲೆ ಹತ್ತಿದ್ದಕ್ಕೆ ಅಂಗಡಿಯ ಹುಡುಗರು ನಕ್ಕರು. ನಗಲಿ ಬಿಡಿ, ಬಾಕ್ಸಿಗೆ ಇಪ್ಪತ್ತು ರೂಪಾಯಿ ಕಮ್ಮಿ ಮಾಡಿಸಿಕೊಂಡೇ ಬಂದೆ.